ಮನೆಯ ಹಿಂದಿನ ಇಳಿಜಾರು

ಪ್ರೀತಿಯ ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ಬೆಟ್ಟದ ಸೀಮೆಗೆ ಕೆಲಸಕ್ಕೆ ಹೊರಟಿದ್ದೀಯ ಅಂತ ನಿನ್ನ ಅಮ್ಮ ಹೇಳಿದಳು. ಭೂಕಂಪ ಆಗುವ ಜಾಗ ಅಂತ ತಿಳಿದು, ಬಾಡಿಗೆ ಮನೆ ಗಟ್ಟಿಯಾಗಿದೆಯಾ ಎಂದು ವಿಚಾರಿಸಿದ್ದೀಯಂತೆ. ಒಳ್ಳೆಯದು. ಆದರೆ ಮನೆಯ ಹಿಂದೆ ಏನಿದೆ ಅಂತ ಕೇಳಿದೆಯಾ? ಗೋಡೆ ಎಷ್ಟೇ ಗಟ್ಟಿಯಿದ್ದರೂ ಮೇಲಿನಿಂದ ಬೆಟ್ಟವೇ ಇಳಿದು ಬಂದರೆ ತಡೆಯಲಾರದು.

ಒಂದು ತಟ್ಟೆಯಲ್ಲಿ ಒಣ ಮರಳನ್ನು ಗುಡ್ಡೆ ಹಾಕಿ ನೋಡು. ಸುಮ್ನೆ ಬಿಟ್ಟರೆ ನಿಲ್ಲುತ್ತದೆ. ತಟ್ಟೆಯ ಅಂಚನ್ನು ಬೆರಳಿನಿಂದ ತಟ್ಟು, ಬದಿಯೆಲ್ಲ ಜಾರಿಬಿಡುತ್ತದೆ. ಮರಳಿನ ತೂಕ ಜಾಸ್ತಿ ಆಗಲಿಲ್ಲ, ಕಣಗಳು ಒಂದನ್ನೊಂದು ಹಿಡಿದುಕೊಂಡಿದ್ದ ಹಿಡಿತ ಸಡಿಲಾಯಿತು, ಅಷ್ಟೆ. ಇಳಿಜಾರೂ ಹೀಗೇ ನಿಂತಿರುತ್ತದೆ. ಭಾರ ಕೆಳಗೆ ಎಳೆಯುತ್ತಲೇ ಇರುತ್ತದೆ, ಹಿಡಿತ ತಡೆಯುತ್ತಿರುತ್ತದೆ. ನೆಲ ಆಕಡೆ ಈಕಡೆ ಜಗ್ಗಿದಾಗ ಬಂಡೆಗಳ ಸೀಳು ಬಾಯಿ ಬಿಡುತ್ತದೆ. ಮಣ್ಣು ನೆನೆದಿದ್ದರಂತೂ ಒಳಗಿನ ನೀರಿನ ಒತ್ತಡ ಏರಿ, ಕಣಗಳನ್ನು ದೂರ ತಳ್ಳುತ್ತದೆ. ಬೆಟ್ಟದ ನೆತ್ತಿ, ಏಣುಗಳಲ್ಲಿ ಅಲುಗಾಟ ಬುಡಕ್ಕಿಂತ ಜೋರಾಗಿರುವುದೂ ಉಂಟು. ಅದಕ್ಕೇ ಎಷ್ಟೋ ಕುಸಿತಗಳು ತುದಿಯಿಂದಲೇ ಶುರುವಾಗುತ್ತವೆ.

ದೂರ ಇದ್ದೇವೆ ಅನ್ನುವ ಧೈರ್ಯವೂ ಬೇಡ. 1970ರ ಮೇ 31ರಂದು ಪೆರು ದೇಶದಲ್ಲಿ ಭೂಕಂಪವಾದಾಗ ಹುವಾಸ್ಕರಾನ್ ಪರ್ವತದ ಮೇಲಿಂದ ಹಿಮ, ಬಂಡೆ ಎಲ್ಲ ಕಿತ್ತುಕೊಂಡು ಬಂದವು. ಕಿಲೋಮೀಟರ್‌ಗಟ್ಟಲೆ ಕೆಳಗಿದ್ದ ಯುಂಗಾಯ್ ಪಟ್ಟಣ ಕೆಲವೇ ನಿಮಿಷಗಳಲ್ಲಿ ಹೂತುಹೋಯಿತು. ಉಳಿದವರಲ್ಲಿ ಹಲವರು ದಿಬ್ಬದ ಮೇಲಿನ ಸ್ಮಶಾನಕ್ಕೆ ಓಡಿ ಹತ್ತಿದವರು. ಅದನ್ನು ಓದಿದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ. ಅಲ್ಲಿಗೆ ಹೋದ ಮೊದಲ ದಿನವೇ ಎತ್ತರದ ಗಟ್ಟಿ ಜಾಗ ಎಲ್ಲಿದೆ, ಅಲ್ಲಿಗೆ ದಾರಿ ಯಾವುದು ಅಂತ ನಡೆದು ನೋಡಿಕೋ.

ನನಗೆ ಜಾಸ್ತಿ ಹೆದರಿಕೆ ಇರುವುದು ಅಲುಗಾಟ ನಿಂತ ಮೇಲಿನ ದಿನಗಳ ಬಗ್ಗೆ. ಎಲ್ಲ ಮುಗಿಯಿತು ಅಂತ ಜನ ಮನೆಗೆ ವಾಪಸಾಗುತ್ತಾರೆ. ಸಡಿಲವಾದ ಬೆಟ್ಟ ಮಾತ್ರ ಹಾಗೇ ನಿಂತಿರುತ್ತದೆ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಕಂಪನವಾಯಿತು, ಮೇ 12ರಂದು 7.3ರಷ್ಟು ಮತ್ತೊಂದು. ಲಾಂಗ್‌ಟಾಂಗ್ ಹಳ್ಳಿ ಮೊದಲನೆಯದಕ್ಕೇ ಹಿಮ, ಬಂಡೆಗಳಡಿ ಸೇರಿತು. ಅದಾಗಿ ಮಳೆಗಾಲ ಬಂದಾಗ ಬಿರುಕು ಬಿಟ್ಟಿದ್ದ ಇಳಿಜಾರುಗಳು ಮತ್ತೆ ಜಾರಿದವು. ಹಾಗಾಗಿ ಕಂಪನದ ನಂತರ ಮನೆಯ ಮೇಲಿನ ಇಳಿಜಾರಿನಲ್ಲಿ ಒಂದು ಸುತ್ತು ಯಾರಾದರೂ ತಿಳಿದವರನ್ನು ಕರೆದುಕೊಂಡು ಹೋಗು, ಒಬ್ಬಳೇ ಬೇಡ. ನೆಲದಲ್ಲಿ ಬೆರಳು ತೂರುವಷ್ಟು ಬಿರುಕು, ಹೊಸದಾಗಿ ವಾಲಿದ ಮರ, ಮೊದಲು ಇಲ್ಲದ ಕಡೆ ಒಸರುವ ನೀರು ಕಂಡರೆ ಆ ಮನೆಯಲ್ಲಿ ರಾತ್ರಿ ಕಳೆಯಬೇಡ.

ನದಿಯನ್ನೂ ಗಮನಿಸು. ಹರಿವು ಇದ್ದಕ್ಕಿದ್ದಂತೆ ಸೊರಗಿದರೆ ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು. 1950ರ ಆಗಸ್ಟ್ 15ರ ಅಸ್ಸಾಂ ಭೂಕಂಪದಲ್ಲಿ ಸುಬನ್‌ಸಿರಿ ನದಿಗೆ ಹೀಗೇ ಅಡ್ಡಲಾಗಿ ಬೆಟ್ಟ ಕುಸಿಯಿತು. ಕೆಲವು ದಿನಗಳಾದ ಮೇಲೆ ಆ ಮಣ್ಣಿನ ಕಟ್ಟೆ ಒಡೆದು, ಕೆಳಗಿನ ಹಳ್ಳಿಗಳಲ್ಲಿ ನೂರಾರು ಜನ ಸತ್ತರು. ಹರಿವು ಸೊರಗಿದಾಗ ನೋಡಲು, ಫೋಟೋ ತೆಗೆಯಲು ಅಂತ ನದಿಗೆ ಇಳಿಯಬೇಡ ಪುಟ್ಟಿ, ಸುತ್ತಲಿನವರಿಗೂ ಹೇಳು, ಎತ್ತರಕ್ಕೆ ಹೋಗು.

ಆ ಮನೆಯ ಹಿಂದೆ ನಿಂತು ಇಳಿಜಾರಿನ ಒಂದು ಫೋಟೋ ತೆಗೆದು ಕಳಿಸು. ಮುಂಗಡ ಕೊಡುವುದಕ್ಕಿಂತ ಮೊದಲು ಕಳಿಸು, ಕಾಯುತ್ತಿರುತ್ತೇನೆ.

ಇತಿ,
ನಿನ್ನ ಮಾವ