ಅಡ್ವಾನ್ಸ್ ಸೇರಿಸಿ ಬಾಡಿಗೆ ಲೆಕ್ಕ ಹಾಕಿ

ಮಾನ್ಯರೇ,

ದೆಹಲಿ, ಬೆಂಗಳೂರುಗಳ ಜೀವನವೆಚ್ಚ ಹೋಲಿಸುವವರು ತಿಂಗಳ ಬಾಡಿಗೆಯನ್ನಷ್ಟೇ ನೋಡುತ್ತಾರೆ; ಅಡ್ವಾನ್ಸ್ ಲೆಕ್ಕಕ್ಕೇ ಬರುವುದಿಲ್ಲ. ದೆಹಲಿಯಲ್ಲಿ ಸಾಮಾನ್ಯವಾಗಿ ಒಂದೆರಡು ತಿಂಗಳ ಬಾಡಿಗೆ ಕೊಟ್ಟರೆ ಸಾಕು. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೇಳುವ ಮಾಲೀಕರು ಈಗಲೂ ಇದ್ದಾರೆ. ₹20,000 ಬಾಡಿಗೆಯ ಮನೆಗೆ ₹2 ಲಕ್ಷ! ಶೇ 6ರ ಬಡ್ಡಿ ಹಿಡಿದರೂ ತಿಂಗಳಿಗೆ ₹1,000 ನಷ್ಟ. ಹನ್ನೊಂದು ತಿಂಗಳಿಗೆ ಮನೆ ಬಿಟ್ಟರೆ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಅದು ತಿಂಗಳಿಗೆ ಮತ್ತೆ ₹1,818. ಅಲ್ಲಿಗೆ ನಿಜವಾದ ಬಾಡಿಗೆ ₹22,818.

ಕರಾರಿಗೆ ಸಹಿ ಹಾಕುವ ಮುನ್ನ ‘ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ’ ಎಂಬ ಸಾಲನ್ನು ‘ರಸೀದಿ ಪ್ರಕಾರ’ ಎಂದು ತಿದ್ದಿಸಿಕೊಳ್ಳಬೇಕು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ರಾಜ್ಯ ಸರ್ಕಾರ ಈ ಮಿತಿಯನ್ನು ಕಡ್ಡಾಯಗೊಳಿಸಲಿ.

– ಬಾಡಿಗೆದಾರರು, ಬೆಂಗಳೂರು