ಮಗಳಿಗೊಂದು ಪತ್ರ: ಎರಡು ಸೇರು ಕಪ್ಪು ಹೆಸರುಕಾಳು

ಬೀದರ್ ತಾಲ್ಲೂಕು
28 ಡಿಸೆಂಬರ್ 2025, ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಯೇಸುವಿನ ನಾಮದಲ್ಲಿ ವಂದನೆ. ನಿನ್ನೆ ಫೋನಿನಲ್ಲಿ ನೀನು ಸಿಟ್ಟಾಗಿದ್ದು ಸರಿಯೇ. ಗಾಡಿ ಮಾರಿದ ವಿಷಯ ನಿನಗೆ ಕಾಕಾನ ಮಗನ ಬಾಯಿಂದ ಗೊತ್ತಾಗಬಾರದಿತ್ತು. "ನಾನೇನು ಹೊರಗಿನವಳಾ ಅಪ್ಪಾ?" ಎಂದು ನೀನು ಕೇಳಿದಾಗ ನನಗೆ ಉತ್ತರ ಬರಲಿಲ್ಲ. ಸಿಗ್ನಲ್ ಇಲ್ಲ ಅಂತ ಕಟ್ ಮಾಡಿದೆ. ಸಿಗ್ನಲ್ ಚೆನ್ನಾಗೇ ಇತ್ತು. ನಿಮ್ಮವ್ವ ರೊಟ್ಟಿ ಬಡಿಯುತ್ತಲೇ, "ಪತ್ರ ಬರಿ. ಫೋನಿನಾಗ ನಿನಗ ಸುಳ್ಳು ಸಲೀಸಾಗಿ ಬರ್ತದ" ಅಂದಳು. ಅದಕ್ಕೇ ಕೂತಿದ್ದೇನೆ. ಈ ವರ್ಷದ ಲೆಕ್ಕ ಪೂರ್ತಿ ಹೇಳಿಬಿಡುತ್ತೇನೆ.

ಆಗಸ್ಟ್ ಕೊನೆಗೆ ಹೆಸರು ಕೊಯ್ಲಿಗೆ ಬಂದಿತ್ತು. ಕಾಯಿ ಕಪ್ಪಾದ ಮೇಲೆ ನಾಲ್ಕು ದಿನ ಬಿಸಿಲು ಸಿಕ್ಕರೆ ಸಾಕು, ರಾಶಿ ಮುಗಿದುಹೋಗುತ್ತದೆ. ಆ ನಾಲ್ಕು ದಿನ ಸಿಗಲಿಲ್ಲ. ಹಿಡಿದ ಮಳೆ ಬಿಡಲೇ ಇಲ್ಲ. ಆರನೇ ದಿನ ಹೊಲಕ್ಕೆ ಹೋಗಿ ಒಂದು ಕಾಯಿ ಬಿಡಿಸಿ ನೋಡಿದೆ. ಒಳಗಿನ ಕಾಳು ಗಿಡದಲ್ಲೇ ಮೊಳಕೆ ಒಡೆದಿತ್ತು. ಸಣ್ಣ ಬಿಳಿ ಬಾಲ. ನೀನು ಹಾಸ್ಟೆಲಿನಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡ್ತೀಯಲ್ಲ, ಥೇಟ್ ಹಾಗೆ. ಎರಡು ಎಕರೆ ಹೆಸರು ನಿಂತಲ್ಲೇ ಮೊಳೆಯಿತು. ಪಕ್ಕದ ಒಂದು ಎಕರೆ ಸೋಯಾ ಸೆಪ್ಟೆಂಬರಿನ ನೀರಿಗೆ ಕೊಳೆಯಿತು. ಮೇಲಿನ ಎಕರೆಯ ತೊಗರಿ ಮಾತ್ರ ಉಳಿಯಿತು. ಅಲ್ಲಿ ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ.

ಹೋದ ವರ್ಷ ಅದೇ ಎರಡು ಎಕರೆಗೆ ಏಳು ಕ್ವಿಂಟಲ್ ಹೆಸರು ಬಂದಿತ್ತು. ಈ ಸಲ ಒಣಗಿಸಿ, ಬಡಿದು, ಆರಿಸಿದರೆ ಒಂದೂವರೆ. ಈ ವರ್ಷ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ ಇತ್ತು ನಿಜ, ಆದರೆ ಅದು ಒಳ್ಳೇ ಕಾಳಿಗೆ. ಗಂಜ್ ಮಾರುಕಟ್ಟೆಯಲ್ಲಿ ಅಡತಿ ವ್ಯಾಪಾರಿ ಒಂದು ಹಿಡಿ ತೆಗೆದು, ಅಂಗೈ ಮೇಲೆ ಉರುಳಿಸಿ, ಮಾತಾಡದೆ ವಾಪಸ್ ಚೀಲಕ್ಕೆ ಸುರಿದ. ಆಮೇಲೆ ಅವನು ಹೇಳಿದ ಬೆಲೆ ಇಲ್ಲಿ ಬರೆಯುವುದಿಲ್ಲ.

ನಿನ್ನ ಎರಡನೇ ವರ್ಷದ ಫೀಸು ಅದೇ ತಿಂಗಳು ಕಟ್ಟಬೇಕಿತ್ತು. ಗಾಡಿ 31,000ಕ್ಕೆ ಹೋಯಿತು. ಅವ್ವನ ಚಿನ್ನದ ಬೋರಮಾಳ ಸರ ಅಡ ಇಟ್ಟಿದ್ದೇವೆ, ಮಾರಿಲ್ಲ. ಎರಡು ಆಡು ಮಾರಿದೆವು. ಅದರಲ್ಲಿ ನಿನ್ನ ಕರಿ ಆಡೂ ಹೋಯಿತು. ಗಾಡಿಗಿಂತ ಇದನ್ನು ಹೇಳುವುದೇ ನನಗೆ ಜಾಸ್ತಿ ಕಷ್ಟವಾಗಿತ್ತು.

ಇನ್ನೊಂದಿದೆ. ಇದು ನಿಮ್ಮವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ ಪರಿಹಾರ ಅಂತ ಸರ್ಕಾರ ಹೇಳಿತು. ನಮ್ಮದು ಹಾಳಾದದ್ದು ಮೂರು ಎಕರೆ. ನಾಲ್ಕೂ ಎಕರೆ ಹೋಯಿತು ಅಂತ ಬರೆಸಿದರೆ ಹೆಚ್ಚುಕಮ್ಮಿ ಏಳು ಸಾವಿರ ಜಾಸ್ತಿ ಬರುತ್ತಿತ್ತು. "ಎಲ್ಲರೂ ಬರೆಸ್ತಾರ, ನೀ ಒಬ್ಬನೇ ಯಾಕ ಬಿಡ್ತಿ" ಅಂತ ಒಬ್ಬರು ಹೇಳಿದರು. ನಾನು ಒಪ್ಪಿಕೊಂಡೆ. ಮನೆಗೆ ಬಂದು ಅವ್ವನಿಗೂ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಲೈಟ್ ಆರಿಸಿ ಮಲಗಿದ ಮೇಲೆ ಕತ್ತಲಲ್ಲಿ ಮೆಲ್ಲಗೆ ಅಂದಳು: "ತೊಗರಿ ಹೂ ಬಿಟ್ಟದ. ಅದು ಸತ್ತದಂತ ನಾ ಹೆಂಗ ಹೇಳ್ಲಿ?"

ಆ ರಾತ್ರಿ ನಿದ್ದೆ ಬರಲಿಲ್ಲ. ಬೈಬಲಿನ ಜ್ಞಾನೋಕ್ತಿ 30ನೇ ಅಧ್ಯಾಯದಲ್ಲಿ ಆಗೂರನ ಬೇಡಿಕೆ ಇದೆ, ಸಂಡೇ ಸ್ಕೂಲಿನಲ್ಲಿ ನೀನೂ ಓದಿದ್ದೀ. ಬಡತನವೂ ಬೇಡ, ಸಿರಿತನವೂ ಬೇಡ, ನನ್ನ ಪಾಲಿನ ರೊಟ್ಟಿ ಕೊಡು ಎನ್ನುತ್ತಾನೆ. ಹೊಟ್ಟೆ ತುಂಬಿದರೆ ನಿನ್ನನ್ನು ಮರೆತೇನು, ಬರಿದಾದರೆ ಕದ್ದೇನು ಎಂದು ಕಾರಣವನ್ನೂ ಕೊಡುತ್ತಾನೆ. ಎಷ್ಟೋ ವರ್ಷ ಅದನ್ನು ಸಾಹುಕಾರರ ಬಗ್ಗೆ ಬರೆದ ಮಾತು ಅಂದುಕೊಂಡಿದ್ದೆ. ಎರಡನೇ ಅರ್ಧ ನನ್ನ ಬಗ್ಗೆ ಅಂತ ಅವತ್ತು ಗೊತ್ತಾಯಿತು. ಬೆಳಿಗ್ಗೆ ಹೋಗಿ ಮೂರು ಎಕರೆ ಅಂತಲೇ ಬರೆಸಿದೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ ಮಗಳೇ. ಅವ್ವ ಸುಮ್ನೆ ಮಲಗಿದ್ದರೆ ನಾಲ್ಕು ಎಕರೆ ಆಗುತ್ತಿತ್ತು.

ಹಾಗಾಗಿ ಬಡತನ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಅಂತ ಯಾರಾದರೂ ಪ್ರಸಂಗ ಮಾಡಿದರೆ ನಂಬಬೇಡ.

ಇದೆಲ್ಲ ಈಗ ನೆನಪಾಗಲು ಕಾರಣ ಇದೆ. ಬುಧವಾರ ರಾತ್ರಿ ವಾಚ್ ನೈಟ್, ಹೊಸ ವರ್ಷ ಬರಮಾಡಿಕೊಳ್ಳುವ ಆರಾಧನೆ. ಈ ಸಲ ನೀನು ಸಾಕ್ಷಿ ಹೇಳು ಅಂತ ಪಾಸ್ಟರ್ ನನಗೆ ಹೇಳಿದ್ದಾರೆ. ಸಾಕ್ಷಿ ಅಂದರೆ ಹೇಗಿರುತ್ತದೆ ನಿನಗೆ ಗೊತ್ತಲ್ಲ. ನಷ್ಟ ಆಯಿತು, ಪ್ರಾರ್ಥನೆ ಮಾಡಿದೆ, ದೇವರು ಎರಡರಷ್ಟು ಕೊಟ್ಟ. ಎಲ್ಲರೂ ಹಲ್ಲೆಲೂಯ ಅನ್ನುತ್ತಾರೆ. ಯೋಬನ ಕೊನೆಯ ಅಧ್ಯಾಯದ ಹಾಗೆ. ನನ್ನ ಕಥೆ ಇನ್ನೂ ಕೊನೆಯ ಅಧ್ಯಾಯಕ್ಕೆ ಬಂದಿಲ್ಲ. ಬೋರಮಾಳ ಇನ್ನೂ ಅಡದಲ್ಲೇ ಇದೆ. ಹಾಗಿದ್ದರೂ ಸ್ತೋತ್ರ ಹೇಳಬೇಕು ಅನ್ನಿಸುತ್ತದೆ. ಯಾವುದಕ್ಕೆ ಅಂತ ಯೋಚಿಸುತ್ತಾ ಇದ್ದೆ.

ಥೆಸಲೋನಿಕದವರಿಗೆ ಪೌಲನು ಬರೆದದ್ದು "ಎಲ್ಲದರಲ್ಲಿಯೂ" ಸ್ತೋತ್ರ ಮಾಡಿ ಎಂದು. ಎಲ್ಲದಕ್ಕೂ ಅಲ್ಲ, ಎಲ್ಲದರಲ್ಲಿಯೂ. ಆ ಒಂದು ಪ್ರತ್ಯಯ ಹಿಡಿದುಕೊಂಡು ಮೂರು ತಿಂಗಳು ದಾಟಿದ್ದೇನೆ. ಕಾಳು ಮೊಳೆತದ್ದಕ್ಕೆ ಸ್ತೋತ್ರ ಅನ್ನಲು ನನ್ನಿಂದ ಆಗಲ್ಲ. ಮೊಳೆತ ಕಾಳಿನ ಮಧ್ಯೆ ನಿಂತು ಅನ್ನಬಲ್ಲೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲಾ ಕಾರ್ಯಗಳಿಗೋಸ್ಕರ ಅಂತಾನೂ ಇದೆ, ನೀನು ತೋರಿಸುವ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿಗೆ ನಾನಿನ್ನೂ ಮುಟ್ಟಿಲ್ಲ.

ನವೆಂಬರಿನಲ್ಲಿ ಚರ್ಚಿನ ಸುಗ್ಗಿ ಹಬ್ಬ ಆಯಿತು. ಹೋದ ವರ್ಷ ಒಂದು ಚೀಲ ಸೋಯಾ ಹೆಗಲ ಮೇಲೆ ಹೊತ್ತುಕೊಂಡು, ಎಲ್ಲರೂ ನೋಡಲಿ ಅಂತ ನಡುಬಾಗಿಲಿನಿಂದಲೇ ಹೋಗಿದ್ದೆ. ಈ ಸಲ ಮೈ ಹುಷಾರಿಲ್ಲ ಅಂತ ಮಲಗಿದ್ದೆ. ನಿಮ್ಮವ್ವ ಏನೂ ಕೇಳದೆ ಮಳೆಗೆ ಕಪ್ಪಾದ ಆ ಹೆಸರುಕಾಳನ್ನೇ ಎರಡು ಸೇರು ಅಳೆದು, ತೊಳೆದ ದಿಂಬಿನ ಕವರಿನಲ್ಲಿ ಕಟ್ಟಿಕೊಂಡಳು. "ಅದನ್ನ ದೇವರ ಮುಂದ ಇಡ್ತಿ ಏನು?" ಅಂದೆ. "ಅವನಿಗ ಗೊತ್ತಿಲ್ಲೇನು ಈ ವರ್ಷ ಏನು ಬೆಳೆದದಂತ?" ಅಂದಳು. ನಾನು ಎದ್ದು ಅಂಗಿ ಹಾಕಿಕೊಂಡೆ.

ಆರಾಧನೆ ಮುಗಿದ ಮೇಲೆ ಕಾಣಿಕೆಗಳ ಹರಾಜು. ಒಂದು ಕುಂಬಳಕಾಯಿ 700ಕ್ಕೆ ಹೋಯಿತು. ಹುಂಜ ಕಾಲಿನ ಹಗ್ಗ ಬಿಚ್ಚಿಕೊಂಡು ಕ್ವಾಯರಿನವರ ಮಧ್ಯೆ ಹಾರಿತು, ಅದು ಬೇರೆ ಕಥೆ. ನಮ್ಮ ಹೆಸರುಕಾಳು ಬಂದಾಗ ಯಾರೂ ಕೂಗಲಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೊನೆಗೆ ಹಿಂದಿನಿಂದ ಒಬ್ಬರು "ನಲವತ್ತು, ನನ್ನ ಕೋಳಿಗೆ" ಅಂದರು. ಎಲ್ಲರೂ ನಕ್ಕರು. ನಿಮ್ಮವ್ವನೂ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಕನಿಕರಕ್ಕೆ ನಾಲ್ಕುನೂರು ಕೊಟ್ಟಿದ್ದರೆ ನಾನು ಮತ್ತೆ ಆ ಕಡೆ ಹೋಗುತ್ತಿರಲಿಲ್ಲ. ಪುಸ್ತಕದಲ್ಲಿ ಕುಂಬಳಕಾಯಿಯ ಕೆಳಗೆ ನಮ್ಮದನ್ನೂ ಬರೆದರು: ಹೆಸರುಕಾಳು, 2 ಸೇರು, 40 ರೂಪಾಯಿ. ಅದೇ ಅಕ್ಷರ, ಅದೇ ಶಾಯಿ.

ಮನೆಯ ವಿಷಯ. ಹೆದರಬೇಡ, ಹೊಟ್ಟೆಗೆ ಕಡಿಮೆ ಆಗಿಲ್ಲ. ರೇಷನ್ ಅಕ್ಕಿ ಬರುತ್ತದೆ, ಹಳೇ ಜೋಳ ಇದೆ, ಗೃಹಲಕ್ಷ್ಮಿಯ 2,000 ಬಂದಾಗ ಅವ್ವ ಎಣ್ಣೆ, ಸೋಪು ತರುತ್ತಾಳೆ. ಈಗ ಪೇಟೆಯ ಕೆಲಸಕ್ಕೆಲ್ಲ ಅವಳೇ ಹೋಗುತ್ತಾಳೆ. ಬಸ್ಸಿನಲ್ಲಿ ಅವಳಿಗೆ ಫ್ರೀ, ನನಗೆ ಟಿಕೆಟ್. ಚೌಕಾಸಿಯಲ್ಲೂ ಅವಳೇ ಮೇಲು, ಇಷ್ಟು ವರ್ಷ ನಾನು ಸುಮ್ನೆ ಪೆಟ್ರೋಲ್ ಸುಟ್ಟೆ. ಟಿವಿ ರೀಚಾರ್ಜ್ ಮುಗಿದದ್ದು ಸೆಪ್ಟೆಂಬರಿನಲ್ಲಿ, ಮತ್ತೆ ಹಾಕಿಸಿಲ್ಲ. ಮೊದಲ ವಾರ ಸಂಜೆ ಮನೆ ಭಣಭಣ ಅನ್ನುತ್ತಿತ್ತು. ಈಗ ಎಂಟಕ್ಕೆ ಕುಟುಂಬ ಪ್ರಾರ್ಥನೆ. ನಿನ್ನ ಅಜ್ಜಿ, ನಮ್ಮ ಆಯಿಗೆ ಕಿವಿ ಕೇಳಲ್ಲ, ನಾವು ಎರಡನೇ ಚರಣದಲ್ಲಿದ್ದರೆ ಅವಳು ನಾಲ್ಕನೆಯದರಲ್ಲಿ ಇರುತ್ತಾಳೆ. ಅವಳು 1972ರ ಬರ ಕಂಡವಳು. "ಆಗ ಮಳಿ ಕೊಡಪ್ಪಾ ಅಂತ ಮೊಣಕಾಲೂರಿದ್ವಿ, ಈಗ ಸಾಕು ಮಾಡಪ್ಪಾ ಅಂತ" ಅಂತ ತಾನೇ ನಗುತ್ತಾಳೆ.

ಕ್ರಿಸ್ಮಸ್ ಹೊಸ ಬಟ್ಟೆ ಇಲ್ಲದೇ ಆಯಿತು. ನಕ್ಷತ್ರ ಹಳೆಯದೇ, ಒಂದು ಮೂಲೆಗೆ ನಿನ್ನ ನೋಟ್‌ಬುಕ್ಕಿನ ರಟ್ಟು ಅಂಟಿಸಿದೆ. ಕ್ಯಾರಲ್ ಹುಡುಗರಿಗೆ ಚುರುಮುರಿ, ಚಹಾ. ನೀನಿರಲಿಲ್ಲ, ಅದೊಂದೇ ಕೊರತೆ. ರೈಲಿನ ದುಡ್ಡು ಉಳಿಸಲು ಡ್ಯೂಟಿ ಇದೆ ಅಂತ ನೀನೂ ನಮಗೆ ಸುಳ್ಳು ಹೇಳಿದ್ದೀ, ಅಲ್ವಾ? ಲೆಕ್ಕ ಸಮ ಆಯಿತು. ಇನ್ನು ಮೇಲೆ ಇಬ್ಬರಿಗೂ ಸುಳ್ಳು ಬೇಡ.

ಮೊನ್ನೆ 19ಕ್ಕೆ ಎಳ್ಳಮಾವಾಸ್ಯೆ. ಪಕ್ಕದ ಹೊಲದ ಕಾಕಾ ಪ್ರತಿ ವರ್ಷದಂತೆ ಊಟಕ್ಕೆ ಕರೆದ. ಅವನ ಸೋಯಾವೂ ಹೋಗಿದೆ. ಆದರೂ ಭಜ್ಜಿ, ಸಜ್ಜೆ ರೊಟ್ಟಿ ಏನೂ ಕಮ್ಮಿ ಮಾಡಿರಲಿಲ್ಲ. ಅವನ ಬದುವಿನ ಮೇಲೆ ಕೂತು ನೋಡಿದರೆ ನಮ್ಮ ಕಡಲೆ ಹೊಲ ಕಾಣುತ್ತದೆ. ಹೌದು, ಹೆಸರು ಹೋದ ತಗ್ಗಿನಲ್ಲೇ ಕಡಲೆ ಹಾಕಿದ್ದೇನೆ. ನೀರು ಇಂಗಿ ಹದ ಬರುವ ಹೊತ್ತಿಗೆ ನವೆಂಬರ್ ಆಗಿತ್ತು, ಬಿತ್ತಿದ್ದು ತಡವಾಯಿತು. ಎತ್ತಿನ ಬಾಡಿಗೆ ಕಾಕಾ ಇನ್ನೂ ತಗೊಂಡಿಲ್ಲ. ಈ ತಿಂಗಳ ಮೊದಲಿಗೆ ಅವ್ವ ಸಾಲು ಹಿಡಿದು ಕುಡಿ ಚೂಟಿದಳು. ಚೂಟಿದ ಮೇಲೆ ಗಿಡ ಅಗಲವಾಗಿ ಕವಲೊಡೆದಿದೆ. ಬೆಳಗಿನ ಇಬ್ಬನಿಯಲ್ಲಿ ನಡೆದರೆ ಕಡಲೆಯ ಹುಳಿಗೆ ಕಾಲು ಚುರುಚುರು ಅನ್ನುತ್ತದೆ.

ಆ ಕುಡಿಯನ್ನೆಲ್ಲ ನೆರಳಲ್ಲಿ ಒಣಗಿಸಿ ಇಟ್ಟಿದ್ದಾಳೆ. ಶನಿವಾರ ಯಶವಂತಪುರ ರೈಲಿಗೆ ಬರುವ ಹುಡುಗನ ಕೈಯಲ್ಲಿ ಒಂದು ಡಬ್ಬಿ ಕಳಿಸುತ್ತೇವೆ. ಬಿಸಿನೀರಲ್ಲಿ ಒಂದು ಸಲ ತೊಳಿ, ತೊಗರಿಬೇಳೆ ಜೊತೆ ಬೇಯಿಸು, ಬೆಳ್ಳುಳ್ಳಿ ಜಾಸ್ತಿ ಹಾಕು. ಉಪ್ಪು ಮಾತ್ರ ಕೊನೆಗೆ, ರುಚಿ ನೋಡಿ ಹಾಕು. ಸೊಪ್ಪಿನಲ್ಲೇ ಉಪ್ಪು, ಹುಳಿ ಇರುತ್ತದೆ. ಹೋದ ಸಲ ನಿನ್ನ ರೂಮಿನ ಹುಡುಗಿಯರು ಉಗುಳಿದ್ದು ಅದಕ್ಕೇ.

ನಿನ್ನ ಅಪ್ಪ