ಸೊಸೆ ಕಲ್ಲಿನ ಕಥೆ ನಿಮಗೆ ಹೇಳಿದವರು ಯಾರು?

ಸಂಪಾದಕರಿಗೆ ನಮಸ್ಕಾರ.

ಆಶ್ವಯುಜ ಮಾಸದಲ್ಲಿ ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ಪ್ರತಿ ವರ್ಷ ನಿಮ್ಮ ಜಿಲ್ಲಾ ಪುಟದಲ್ಲಿ ಸೊಸೆ ಕಲ್ಲಿನ ಕಥೆ ಬರುತ್ತದೆ. ಈ ಸಲವೂ ಬಂತು. ಅತ್ತೆಯ ಕಣ್ಣು ತಪ್ಪಿಸಿ ದಿನಾ ದೇವಿ ದರ್ಶನಕ್ಕೆ ಬರುತ್ತಿದ್ದ ಸೊಸೆ, ಹಿಂದೆಯೇ ಬಂದ ಅತ್ತೆ ಬಟ್ಟಲು ತೆಗೆದು ತಲೆಗೆ ಕುಕ್ಕಿದ್ದು, ಸೊಸೆ ಅಮ್ಮಾ ಎಂದು ಕೂಗಿ ಕಲ್ಲಾದದ್ದು, ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿ ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ ಅನ್ನುವುದು. ಹೋದ ವರ್ಷದ ಸಾಲುಗಳೇ. ಒಂದಕ್ಷರ ಆಚೀಚೆ ಇಲ್ಲ.

ನಮ್ಮಜ್ಜಿ ಹೇಳುತ್ತಿದ್ದದ್ದು ಬೇರೆ. ಅವಳ ಕಥೆಯಲ್ಲಿ ಅಕ್ಕಿ ಕಾಳಲ್ಲ, ಎಳ್ಳು ಕಾಳು. ಅಕ್ಕಿ ಕಾಳಷ್ಟು ಸರಿದಿದ್ದರೆ ಇಷ್ಟು ಹೊತ್ತಿಗೆ ದೇವಿ ಪಾದ ಮುಟ್ಟಿ ಕಲಿಗಾಲ ಮುಗಿದೇ ಹೋಗುತ್ತಿತ್ತು ಎಂದು ಲೆಕ್ಕ ಬೇರೆ ಒಪ್ಪಿಸುತ್ತಿದ್ದಳು. ಅತ್ತೆಯನ್ನೂ ಪೂರ್ತಿ ಬಿಟ್ಟುಕೊಡುತ್ತಿರಲಿಲ್ಲ. ಒಲೆ ಮೇಲೆ ಎಸರಿಟ್ಟು ಹಾಗೇ ಎದ್ದು ಹೋದರೆ ಯಾವ ಅತ್ತೆಗೆ ಸಿಟ್ಟು ಬರಲ್ಲ ಅನ್ನುವಳು. ಅವಳೂ ಆಗ ಅತ್ತೆಯೇ, ಅದಕ್ಕಿರಬೇಕು. ಅದೇ ಕಥೆಯನ್ನು ನಮ್ಮಮ್ಮ ಹೇಳುವಾಗ ಎಸರು ಮಾಯವಾಗಿತ್ತು!

ನಾನು ಹೇಳಬೇಕು ಅಂತಿರುವುದು ಇಷ್ಟೇ. ಕಥೆ ಹಾಕುವಾಗ ಅದನ್ನು ಯಾರು ಹೇಳಿದರು, ಯಾವ ಊರಲ್ಲಿ ಕೇಳಿದಿರಿ ಅಂತ ಒಂದು ಸಾಲು ಹಾಕಿ. 'ಪ್ರತೀತಿ ಇದೆ' ಎಂದು ಬರೆದು ಕೈ ತೊಳೆದುಕೊಳ್ಳಬೇಡಿ.

ಬೇಲೂರನ್ನೇ ತೆಗೆದುಕೊಳ್ಳಿ. ಹೋದವರಿಗೆಲ್ಲ ಗೈಡುಗಳು ಮೊದಲು ಹೇಳುವುದು ಜಕಣಾಚಾರಿಯ ಕಥೆ. ಮೂರ್ತಿಗೆ ಗಂಧ ಬಳಿದದ್ದು, ಹೊಕ್ಕುಳ ಹತ್ತಿರ ಮಾತ್ರ ಒಣಗದೇ ಉಳಿದದ್ದು, ಮಗ ಡಂಕಣ ಉಳಿ ಇಟ್ಟಾಗ ಕಪ್ಪೆ ಹಾರಿದ್ದು. ಎಷ್ಟು ಚೆನ್ನಾಗಿದೆ, ಅಲ್ವಾ? ನಾನೂ ನನ್ನ ಮೊಮ್ಮಕ್ಕಳಿಗೆ ಹೇಳುತ್ತೇನೆ. ಆದರೆ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರು ತಾವೇ ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಲ್ಲೂ ಅಪ್ಪ ಮಗನೇ ನೋಡಿ. ನುಗ್ಗೇಹಳ್ಳಿಗೆ ಹೋದರೆ ಮಲ್ಲಿತಮ್ಮ, ಬೈಚೋಜ ಸಿಗುತ್ತಾರೆ. ಕಥೆ ಸುಳ್ಳು, ಶಾಸನ ನಿಜ ಅಂತ ಜಗಳ ತೆಗೆಯೋಕೆ ಇದನ್ನು ಬರೆಯುತ್ತಿಲ್ಲ. ಉಳಿ ಹಿಡಿದವನಿಗೆ ಹೆಸರು ಬರೆದುಕೊಳ್ಳಲು ಕಲ್ಲು ಸಿಕ್ಕಿತು. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದವಳೂ ಕಲ್ಲಿನ ಮುಂದೆಯೇ ಇದ್ದಳು, ಆದರೆ ಅದರ ಮೇಲೆ ಏನೂ ಉಳಿಯಲಿಲ್ಲ.

ಬರೆದುಕೊಂಡವರು ಇಲ್ಲದಿದ್ದರೆ ಹಾಡೂ ಉಳಿಯುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು. ನಮ್ಮ ಜಿಲ್ಲೆಯವರೇ ಗೊರೂರು ರಾಮಸ್ವಾಮಿ ಅಯ್ಯಂಗಾರ್. ಅವರನ್ನು ನಾವು ನಗಿಸುವ ಲೇಖಕ ಅಂತಷ್ಟೇ ನೆನಪಿಟ್ಟುಕೊಂಡಿದ್ದೇವೆ, ಅವರು ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದ್ದು ಎಷ್ಟು ಜನಕ್ಕೆ ಗೊತ್ತು? ಸಕಲೇಶಪುರದ ಎಸ್.ಕೆ. ಕರೀಂಖಾನ್ ಊರೂರು ಅಲೆದು ಹಾಡು ಕೂಡಿಟ್ಟವರು. ಜಾನಪದ ಜಂಗಮ ಅಂತಲೇ ಅವರನ್ನು ಕರೆಯುತ್ತಿದ್ದರು. 2006ರಲ್ಲಿ ತೀರಿಕೊಂಡರು. ಆ ಕಾಲದಲ್ಲಿ ಇದು ಸುಲಭದ ಕೆಲಸ ಅಲ್ಲ. ಪೆನ್ನು ಹಿಡಿದು ಎದುರಿಗೆ ಕೂತರೆ ಹಾಡು ನಿಂತೇ ಹೋಗುತ್ತದೆ. ನಮ್ಮಜ್ಜಿಗೆ ಸುಮ್ನೆ ಕೂತು ಹೇಳು ಅಂದರೆ ಎರಡನೇ ಸಾಲೇ ನೆನಪಾಗುತ್ತಿರಲಿಲ್ಲ. ರಾಗಿ ಬೀಸಲು ಶುರು ಮಾಡಿದರೆ ತಾನಾಗಿ ಬರುತ್ತಿತ್ತು.

ಆದರೂ ನಾನು ನೋಡಿದ ಹಳೆಯ ಸಂಗ್ರಹಗಳಲ್ಲಿ ಹಾಡಿದವರ ಹೆಸರು ಹುಡುಕಿದರೆ ಸಿಗುವುದು ಕಡಿಮೆ. ಜನಪದ ಅಂದರೆ ಯಾರೋ ಒಬ್ಬರದ್ದಲ್ಲ, ಎಲ್ಲರದ್ದು ಎನ್ನುತ್ತಾರೆ. ಸರಿ. ಆದರೆ ಎಲ್ಲರೂ ಒಟ್ಟಿಗೆ ಬಂದು ಹಾಡಿಲ್ಲವಲ್ಲ, ಒಬ್ಬಳು ಕೂತು ಹಾಡಿದ್ದಾಳೆ.

ಊರಿನ ಹೆಸರು ಯಾಕೆ ಬೇಕು ಅಂತಲೂ ಹೇಳಿಬಿಡುತ್ತೇನೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು, ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೇ ಚರ್ಚು ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ, ಫೋಟೊ ತೆಗೆಯುವವರ ಜಾತ್ರೆ. ಅಲ್ಲಿಂದ ಎದ್ದು ಬೇರೆ ಕಡೆ ನೆಲೆಯಾದವರು ಕಥೆ ಹೇಳುವಾಗ 'ಅಗೋ ಆ ಹುಣಸೆ ಮರ' ಎಂದು ಕೈ ತೋರಿಸಲು ಮರ ಇಲ್ಲ. ಕೇಳುವ ಮಕ್ಕಳಿಗೆ ಯಾವ ಮರವೂ ಒಂದೇ. ಯಾವ ಊರಿನ ಯಾವ ಮರ ಅಂತ ಬರೆದಿಟ್ಟಿದ್ದರೆ ಅಷ್ಟಾದರೂ ಇರುತ್ತಿತ್ತು.

ನಾನೇನು ದೊಡ್ಡ ಸಾಧನೆ ಮಾಡಿದವನಲ್ಲ. ಅಜ್ಜಿಯ ಸೋಬಾನೆ ಪದಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿದ್ದೆ, ಎರಡು ವರ್ಷ ಬಿಟ್ಟು ಅದರ ಮೇಲೇ ಸಿನಿಮಾ ಹಾಡು ರೆಕಾರ್ಡ್ ಮಾಡಿದೆ. ಎರಡು ಹಾಡಿನ ನಡುವಿನ ಖಾಲಿ ಜಾಗದಲ್ಲಿ ಅಜ್ಜಿ ಕೆಮ್ಮಿದ್ದು ಮಾತ್ರ ಕೇಳುತ್ತದೆ.

ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಜಿಲ್ಲಾ ಪುಟದಲ್ಲಿ ವಾರಕ್ಕೆ ಅಂಗೈ ಅಗಲ ಜಾಗ ಕೊಡಿ ಸಾಕು, ಜಾಸ್ತಿ ಬೇಡ. ಒಂದು ಕಥೆ, ಹೇಳಿದವರ ಒಪ್ಪಿಗೆ ಇದ್ದರೆ ಅವರ ಹೆಸರು, ಊರು. ಒಂದೇ ಕಥೆ ನಾಲ್ಕು ಥರ ಬಂದರೆ ನಾಲ್ಕನ್ನೂ ಹಾಕಿ, ತಿದ್ದಿ ಒಂದು ಮಾಡಬೇಡಿ. ಸೊಸೆ ಕಲ್ಲಿನಿಂದಲೇ ಶುರು ಮಾಡಬಹುದು. ಎಳ್ಳು ಕಾಳಿನ ಲೆಕ್ಕ ನಮ್ಮಜ್ಜಿ ಒಬ್ಬಳದ್ದೇ ಇತ್ತೋ, ಬೇರೆ ಮನೆಗಳಲ್ಲೂ ಇದೆಯೋ, ನನಗೂ ತಿಳಿಯಬೇಕಾಗಿದೆ.

— ಒಬ್ಬ ಓದುಗ, ಹಾಸನ